ಹಜಾರಕ್ಕೆ ಬಂದ ಮಂಚ

ಗುಣವಾಗದ ಕಾಯಿಲೆಯವರನ್ನು ಅವರವರ ಮನೆಯಲ್ಲೇ ಕೊನೆಯವರೆಗೆ ನೋಡಿಕೊಳ್ಳುವ ಶುಶ್ರೂಷೆ ನಮ್ಮ ಆಸ್ಪತ್ರೆಯಲ್ಲಿ ಇಂದು ತಲೆಯೆತ್ತಿ ನಿಂತಿದ್ದರೆ, ಅದಕ್ಕೆ ಅಡಿಪಾಯ ಹಾಕಿದವರು ನಾವೆಲ್ಲ ‘ದೊಡ್ಡಕ್ಕ’ ಎಂದು ಕರೆಯುವ, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ದಾದಿಯವರು. ಅವರ ಕೈಕೆಳಗೆ ಪಳಗಿದವಳು ನಾನು ಎಂದು ಹೇಳಿಕೊಳ್ಳುವಾಗ ನನಗೆ ಎರಡು ಕೋಡು ಮೂಡಿದಂತಾಗುತ್ತದೆ.

ಆರಂಭದಲ್ಲಿ ಅವರು ಔಷಧದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲೇ ಮನೆಮನೆಗೆ ಹೋಗುತ್ತಿದ್ದರು. ಹೋದಲ್ಲಿ ನಾಡಿ ಹಿಡಿಯುವ ಮೊದಲು ಮಂಚ ಎಲ್ಲಿದೆಯೆಂದು ನೋಡುತ್ತಿದ್ದರು. ರೋಗಿಗೆ ನೆಮ್ಮದಿಯಿರಲೆಂದು ಹಿಂದಿನ ಕೋಣೆಯಲ್ಲಿ ಮಲಗಿಸಿ ಬಾಗಿಲು ಮುಚ್ಚಿದ್ದರೆ, “ಬದುಕಿರೋರನ್ನ ಯಾಕಮ್ಮ ಮೂಲೆಗೆ ಹಾಕ್ತೀರಿ? ಹಜಾರಕ್ಕೆ ತನ್ನಿ” ಎಂದು ತಾವೇ ಮಂಚದ ಒಂದು ಕಾಲು ಹಿಡಿಯುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ವರ್ಷ ಒಬ್ಬ ದರ್ಜಿಯ ಮನೆಗೆ ಹೋಗಿದ್ದೆವು. ಮನೆಯಲ್ಲೇ ಕಣ್ಣು ಮುಚ್ಚಬೇಕೆಂಬುದು ಅವರ ಆಸೆ. ಹೆಂಡತಿ ಮಾತು ಕೊಟ್ಟಿದ್ದರು. ಆದರೆ ದರ್ಜಿ ಊಟ, ಮಾತ್ರೆ, ಮಾತು ಮೂರನ್ನೂ ಬಿಟ್ಟಿದ್ದರು. ಹೆದರಿದ ಮಗ ಮರುದಿನವೇ ಅವರನ್ನು ಆಸ್ಪತ್ರೆಗೆ ಸೇರಿಸಲು ಹೊರಟಿದ್ದ. ಮನೆಯೆಲ್ಲ ಪಿಸುಮಾತು. ದೊಡ್ಡಕ್ಕ ಮಂಚದಂಚಿಗೆ ಕುಳಿತು, “ಏನು ಯಜಮಾನ್ರೇ, ಯಾರ ಮೇಲೆ ಕೋಪ?” ಎಂದು ಕೇಳಿದರು.

“ನನ್ನ ಔಷಧಕ್ಕೆ ಅಂತ ಮಿಷನ್ ಮಾರಿಬಿಟ್ರಲ್ಲ ಸಿಸ್ಟರ್. ಸದ್ದೇ ಇಲ್ಲ. ಇನ್ನು ನನ್ನ ಸೊಸೆ ಏನು ಮಾಡ್ತಾಳೆ?”

ಸೊಸೆ ಗೊಳೋ ಎಂದು ಅತ್ತಳು. ಮಾವನ ನಿದ್ದೆ ಕೆಡದಿರಲೆಂದು ಅವಳು ಹೊಲಿಗೆ ಯಂತ್ರವನ್ನು ಪಕ್ಕದ ಮನೆಗೆ ಸಾಗಿಸಿದ್ದಳು, ಅಷ್ಟೆ! ಅಂದು ಸಂಜೆಯೇ ಯಂತ್ರವೂ ಮಂಚವೂ ಹಜಾರಕ್ಕೆ ಬಂದವು. ಸೊಸೆ ಎರಡು ಹೊಲಿಗೆ ಹಾಕುವಷ್ಟರಲ್ಲಿ, “ನೂಲು ಬಿಗಿ ಆಯ್ತು ಕಣೇ, ಸ್ವಲ್ಪ ಸಡಿಲ ಬಿಡು” ಎಂಬ ಗದರಿಕೆ ಕೇಳಿತು. ಮಾತ್ರೆ ತಾನಾಗಿ ಗಂಟಲಲ್ಲಿ ಇಳಿಯಿತು. ಮಗ ಆಸ್ಪತ್ರೆಯ ಮಾತೆತ್ತದೆ, ಅಪ್ಪನನ್ನು ನೋಯದಂತೆ ಮಗ್ಗುಲು ತಿರುಗಿಸುವುದನ್ನು ದೊಡ್ಡಕ್ಕನಿಂದ ಕಲಿತ. ಕೆಲವು ವಾರಗಳ ಬಳಿಕ ಒಂದು ಮಧ್ಯಾಹ್ನ, ಯಂತ್ರದ ಸದ್ದಿನ ನಡುವೆಯೇ ದರ್ಜಿ ಹೋದರು. ಹೆಂಡತಿ ಕೊಟ್ಟ ಮಾತು ಉಳಿಯಿತು.

ಅಂಥ ಎಷ್ಟು ಮನೆಗಳಿಗೆ ಅವರು ಧೈರ್ಯ ತುಂಬಿದರೋ! ಇಂಥವರು ನಮ್ಮವರು ಎಂಬುದೇ ನಮಗೆ ಹೆಮ್ಮೆ. ನಿವೃತ್ತಿಯೆಂದರೆ ಅವರಿಗೆ ಬಸ್ ಬದಲಿಸಿದಂತೆ; ನಾಳೆಯೂ ಯಾರದೋ ಬಾಗಿಲು ತಟ್ಟುತ್ತಾರೆ, ತಟ್ಟುತ್ತಲೇ ಇರಲಿ. ವಯಸ್ಸಿನಲ್ಲಿ ನನಗಿಂತ ಹಿರಿಯರಾದರೂ ದೊಡ್ಡಕ್ಕ ನನಗಿಂತ ಹೆಚ್ಚು ಕಾಲ ಬಾಳಬೇಕೆಂದು ಹಾರೈಸುತ್ತೇನೆ. ಇದರಲ್ಲಿ ನನ್ನ ಸ್ವಾರ್ಥವೂ ಇದೆ: ನನ್ನ ಮಂಚವನ್ನು ಹಜಾರಕ್ಕೆ ತರಿಸಲು ಅವರು ಇರಬೇಕು.