ಅಮ್ಮ ನಂಬಿದ ‘ಆಯ್ತು’

ನಾನು ಚಿಕ್ಕವಳಿದ್ದಾಗ ಕೊರೊನಾ ಬಂತು, ಮಕ್ಕಳೇ. ಬಂಗಾರಪೇಟೆಯ ನಮ್ಮ ಅಡುಗೆಮನೆಯೇ ಆಗ ಅಮ್ಮನ ಕಾಲೇಜಾಯಿತು. ಕೆಜಿಎಫ್‌ನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಮ್ಮ ಅಕ್ಕಿಡಬ್ಬಕ್ಕೆ ಫೋನ್ ಒರಗಿಸಿ, ಒಗ್ಗರಣೆಯ ಘಾಟಿನ ನಡುವೆಯೇ ಪಾಠ ನಡೆಸುತ್ತಿದ್ದಳು. ಒಮ್ಮೆ ಸೀನಿದರೆ ಸಾಕು, ಆ ಕಡೆಯವರಿಗೆಲ್ಲ ಗಾಬರಿ! ಫೋನಿನ ತುಂಬ ಬರೀ ಕಪ್ಪು ಚೌಕಗಳು. ಹೊಸದಾಗಿ ಸೇರಿದ್ದ ಆ ಹುಡುಗ ಹುಡುಗಿಯರಲ್ಲಿ ಒಬ್ಬರ ಮುಖವನ್ನೂ ಅಮ್ಮ ನೋಡಿರಲಿಲ್ಲ.

ಪಾಠ ಮುಗಿದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ "ಊಟ ಆಯ್ತೇನಮ್ಮಾ?" ಎಂದು ಕೇಳುತ್ತಿದ್ದಳು. ಎಲ್ಲರೂ "ಆಯ್ತು ಮೇಡಂ" ಎನ್ನುತ್ತಿದ್ದರು. ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಆಯ್ತು ಎನ್ನುವುದೇ ಮರ್ಯಾದೆ. ಅಷ್ಟು ಓದಿದ ಅಮ್ಮ ಅದನ್ನೇ ನಂಬಿಕೊಂಡು ಒಂದು ತಿಂಗಳು ಕಳೆದಳು.

ಒಂದು ಮಧ್ಯಾಹ್ನ ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್‌ಮನೆಯ, ಅಂದರೆ ಕಾರ್ಮಿಕರ ಸಾಲುಮನೆಯ ಅಕ್ಕನೊಬ್ಬಳು "ಆಯ್ತು" ಎಂದಾಗ ನಾನು ನಡುವೆ ಬಾಯಿ ಹಾಕಿದೆ. "ಏನ್ ಸಾರು ಅಕ್ಕಾ?"

ಆ ಕಡೆ ಅವಳು ಅತ್ತುಬಿಟ್ಟಳು. ಅವಳ ಅಪ್ಪ ದಿನಾ ಕೂಲಿಗೆ ಹೋಗುತ್ತಿದ್ದ ಬೆಂಗಳೂರಿನ ರೈಲು ನಿಂತಾಗಲೇ ಕೂಲಿಯೂ ನಿಂತಿತ್ತಂತೆ. "ಎರಡ್ ದಿನದಿಂದ ಬರೀ ಟೀ ಮೇಡಂ. ನಾನು ಕಾಲೇಜ್ ಬಿಟ್‌ಬಿಡ್ತೀನಿ."

"ಬಿಡೋದ್ ಆಮೇಲ್ ನೋಡಾಣ. ಬತ್ತೀನಿ, ಇರು," ಎಂದ ಅಮ್ಮ ಫೋನ್ ಇಟ್ಟವಳೇ ತನ್ನನ್ನು ತಾನೇ ಬೈದುಕೊಂಡಳು. ಕಾಲೇಜಿನ ಅಟೆಂಡರ್ ಮಾಮ ತಮ್ಮ ಮನೆಯ ರಾಗಿಹಿಟ್ಟು ತಂದುಕೊಟ್ಟರು. ಸ್ಕೂಟರಿನಲ್ಲಿ ಅಮ್ಮನ ಬೆನ್ನಿಗೂ ನನ್ನ ಹೊಟ್ಟೆಗೂ ನಡುವೆ ಬಿಸಿ ಸೊಪ್ಪಿನ ಸಾರಿನ ಡಬ್ಬಿ. ಹೊಟ್ಟೆ ಸುಟ್ಟರೂ ನಾನು ಉಸಿರೆತ್ತಲಿಲ್ಲ.

ಲೈನಿನ ಬಾಗಿಲಲ್ಲಿ ಮಾಸ್ಕ್ ಹಾಕಿದ ಸಣಕಲು ಹುಡುಗಿ ನಿಂತಿದ್ದಳು. ಅಮ್ಮ ಡಬ್ಬಿಯನ್ನೂ ಹಿಟ್ಟಿನ ಚೀಲವನ್ನೂ ಜಗಲಿಯ ಮೇಲಿಟ್ಟು ಹಿಂದೆ ಸರಿದಳು. ಅಕ್ಕ ಮಾಸ್ಕ್ ಕೆಳಗಿಳಿಸಿ "ನಾನೇ ಮೇಡಂ" ಎಂದಳು.

"ಆಕ್ಕೊಳ್ಳೇ ಮೊದ್ಲು ಅದನ್ನ!" ಎಂದು ಗದರಿದ ಅಮ್ಮ ಗದರುತ್ತಲೇ ಅತ್ತಳು. "ನಾಳೆ ಕ್ಲಾಸಿಗೆ ಬತ್ತೀಯಾ?"

"ಬರ್ತೀನಿ ಮೇಡಂ."

ಮರುದಿನದಿಂದ ಅಮ್ಮನ ಮಾತು ಕೇಳಿ ಕಾಲೇಜಿನ ಮೇಷ್ಟ್ರುಗಳೆಲ್ಲ ಫೋನಿನಲ್ಲಿ ಸಾರು ಯಾವುದೆಂದೇ ಕೇಳತೊಡಗಿದರು. ಮಾಮನ ರಾಗಿಹಿಟ್ಟು ಇನ್ನೂ ನಾಲ್ಕು ಮನೆ ಕಂಡಿತು. ಅಮ್ಮನ ಬಗ್ಗೆ ಅಂದು ಹುಟ್ಟಿದ ಹೆಮ್ಮೆ ನನ್ನಲ್ಲಿ ಇಂದಿಗೂ ಕರಗಿಲ್ಲ.

ನಿಮ್ಮ ಮೇಡಂ ದಿನಾ ನಿಮ್ಮೆದುರಿಗೇ ಇರುತ್ತಾರೆ. ನಿಮ್ಮ ಮುಖ ಚೂರು ಬಾಡಿದರೂ ಅವರಿಗೆ ತಿಳಿಯುತ್ತದೆ. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ತಿನ್ನುತ್ತೀರಿ. ನನ್ನ ಅಮ್ಮ ತನ್ನ ವಿದ್ಯಾರ್ಥಿನಿಯ ಮುಖ ನೋಡಲು ಊರು ದಾಟಿ ಹೋಗಿ, ಆರಡಿ ದೂರದಲ್ಲಿ ನಿಲ್ಲಬೇಕಾಯಿತು. ಆ ಅಕ್ಕನ ತಲೆ ಸವರಲು ಅವಳು ಇನ್ನೂ ಒಂದು ವರ್ಷ ಕಾಯಬೇಕಾಯಿತು.