ಕೆಂಪು ತೋರಿಸದ ಹಕ್ಕಿ
ತದಡಿಯಲ್ಲಿ ಮೀನು ಮಾರುವ ಶನಿಯಾರನಿಗೆ ಕಿವಿರು ಎತ್ತಿ ಒಳಗಿನ ಕೆಂಪು ನೋಡದೆ ಸತ್ತ ಬಂಗಡೆಯನ್ನೇ ನಂಬಿ ಗೊತ್ತಿಲ್ಲ. ಇನ್ನು ಬದುಕಿರುವ ಹಕ್ಕಿಯನ್ನು ನಂಬುತ್ತಾನೆಯೇ? ಮೀನಿಗೆ ಗಿರಾಕಿಯಿಲ್ಲದ ಸೋಮವಾರ ಬಂತೆಂದರೆ, ವಾರವಿಡೀ ಬುಟ್ಟಿ ಹೊರುವ ಹೆಂಡತಿ ಬೆಳ್ಳಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸಂತೆಗುಳಿಯ ಕಾಡಿಗೆ ಹಕ್ಕಿ ನೋಡಲು ಹೊರಡುತ್ತಾನೆ. ಅಲ್ಲಿ ಕಾಕರಣೆ ಹಕ್ಕಿ ಕಂದು ಬೆನ್ನು ತೋರಿಸಿಕೊಂಡು ಕೂತಿರುತ್ತದೆ. "ಅದೇ ಹಕ್ಕಿ ಮಾರಾಯ" ಎಂದು ಕಾಡಿನ ಗಾರ್ಡು ಆಣೆ ಹಾಕಿದರೂ ಇವನು ಒಪ್ಪುವುದಿಲ್ಲ. "ಗಂಡು ಕಾಕರಣೆ ಆದ್ರೆ ಎದೆ ಕೆಂಪು ಕಾಣ್ಬೇಕು. ಬೆನ್ನು ನೋಡಿ ಯಾರು ಮಾಲು ತಕಂತಾರೆ?" ಹಕ್ಕಿಗೆ ಗಿರಾಕಿಯ ಮರ್ಯಾದೆ ಕೊಟ್ಟು, "ಸ್ವಲ್ಪ ಈ ಬದಿ ತಿರುಗಿ" ಎಂದು ಬೇಡಿಯೂ ನೋಡಿದ್ದಾನೆ. ಈಚೆಗೆ, ಅದಕ್ಕೆ ನಾಚಿಕೆಯಿರಬೇಕೆಂದು ತಾನೇ ಬೆನ್ನು ಹಾಕಿ, ಮುಖಕ್ಕೆ ಟವೆಲ್ ಮುಚ್ಚಿಕೊಂಡು ನಿಲ್ಲುತ್ತಾನೆ, ಕಾವಲಿಗೆ ಬೆಳ್ಳಿ. ಕೆಂಪು ಕಂಡ ದಿನಕ್ಕೆ ಈ ತಿರುಗಾಟ ಮುಗಿಯಿತು, ಆಮೇಲೆ ಸೋಮವಾರವೂ ಮನೆಯಲ್ಲಿ ಒಣಮೀನಿನ ಕೆಲಸ ಎಂದು ಅವಳಿಗೆ ಮೊದಲೇ ಹೇಳಿಟ್ಟಿದ್ದಾನೆ. "ಎಂತ, ತಿರುಗಿತಾ?" ಎಂದು ಟವೆಲಿನೊಳಗಿಂದ ಕೇಳುತ್ತಾನೆ. ಕುಂಕುಮದಂಥ ಎದೆಯುಬ್ಬಿಸಿ ತನ್ನನ್ನೇ ನೋಡುತ್ತಿರುವ ಹಕ್ಕಿಯನ್ನು ಬೆಳ್ಳಿ ಕಣ್ತುಂಬ ನೋಡಿ, "ಇಲ್ಲ. ಬರೋ ಸೋಮವಾರ ನೋಡ್ವ" ಎನ್ನುತ್ತಾಳೆ.