ಮಾವನ ಕೆನ್ನೆಗೆ ಯಾವ ರೇಜರ್

ಮೊನ್ನೆ ಬೆಳಿಗ್ಗೆ ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಕೊಂಡು ಮೆಟ್ರೊ ಹತ್ತಿದಾಗ ಎದುರಿಗೆ ಒಬ್ಬ ಯುವಕ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಫೈಲು. ಎಲ್ಲೋ ಇಂಟರ್‌ವ್ಯೂಗೆ ಹೊರಟವನಂತೆ ಕಾಣುತ್ತಿದ್ದ. ಗದ್ದದ ಮೇಲೆ ಪೇಪರಿನ ಸಣ್ಣ ಚೂರು ಅಂಟಿತ್ತು, ನಡುವೆ ಒಂದು ಕೆಂಪು ಚುಕ್ಕೆ. ರಕ್ತ ನಿಲ್ಲಲೆಂದು ಅಂಟಿಸಿಕೊಂಡವನು ತೆಗೆಯುವುದನ್ನು ಮರೆತಿದ್ದ.

"ಗದ್ದದ ಮೇಲೆ ಪೇಪರ್ ಇದೆ ನೋಡಪ್ಪ" ಎಂದೆ. ಅವನು ನಾಚಿಕೊಂಡು ಕಿತ್ತು ಹಾಕಿ "ಥ್ಯಾಂಕ್ಸ್ ಆಂಟಿ" ಎಂದ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. "ರೇಜರನ್ನ ಒತ್ತಿ ಎಳೀಬೇಡ. ಅಲ್ಲಿ ಚರ್ಮ ಸ್ವಲ್ಪ ಬಿಗಿ ಮಾಡ್ಕೊಂಡು, ಚಿಕ್ಕ ಚಿಕ್ಕದಾಗಿ ತೆಗೀಬೇಕು" ಎಂದೂ ಹೇಳಿಬಿಟ್ಟೆ. ಆ ಹುಡುಗ ತಲೆಯಾಡಿಸಿ ಮೆಲ್ಲಗೆ ಇನ್ನೊಂದು ಬಾಗಿಲ ಕಡೆ ಸರಿದುಕೊಂಡ. ಐವತ್ತರ ಹತ್ತಿರದ ಹೆಂಗಸು, ಕಾಲ ಬಳಿ ಈರುಳ್ಳಿ ಚೀಲ ಇಟ್ಟುಕೊಂಡು ಗಡ್ಡದ ಪಾಠ ಹೇಳಿದರೆ ಯಾರಾದರೂ ಸರಿಯುತ್ತಾರೆ. ಆದರೆ ನನ್ನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಈ ವಿಷಯದಲ್ಲಿ ನನಗೆ ಗೊತ್ತಿರುವಷ್ಟು ನಮ್ಮ ಬೀದಿಯ ಬಹಳ ಗಂಡಸರಿಗೆ ಗೊತ್ತಿಲ್ಲ. ಹೇಗೆ ಗೊತ್ತಾಯಿತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆ ಜಾಲಹಳ್ಳಿಯಲ್ಲಿ. ಮಾವ ಅಲ್ಲಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಡೀ ಸರ್ವೀಸು ಮುಗಿಸಿ ನಿವೃತ್ತರಾದವರು. ಅತ್ತೆ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ನನ್ನ ಗಂಡ ಗೂಡ್ಸ್ ರೈಲಿನ ಗಾರ್ಡ್. ಯಶವಂತಪುರದಿಂದ ಹೊರಟರೆ ಯಾವಾಗ ಬರುತ್ತಾರೆಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ನಾನು ಪೀಣ್ಯದ ಸಣ್ಣ ಯೂನಿಟ್ಟೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಸೋಲ್ಡರಿಂಗ್ ಮಾಡುತ್ತೇನೆ. ಎಳ್ಳುಕಾಳಿನಂಥ ಬಿಡಿಭಾಗಗಳನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಕೆಲಸ. ನನ್ನ ಕೈ ಅಲ್ಲಾಡುವುದಿಲ್ಲ. ಇದು ಜಂಬವಲ್ಲ, ಸಂಬಳ ಕೊಡುವುದೇ ಅದಕ್ಕೆ.

ಮಾವನ ಕೈ ಅಲ್ಲಾಡಲು ಶುರುವಾದದ್ದು ಜಾಲಹಳ್ಳಿಗೆ ಮೆಟ್ರೊ ಬರುವ ಸ್ವಲ್ಪ ಮೊದಲು. ಮೊದಲು ಕಾಫಿ ಲೋಟ ತಟ್ಟೆಗೆ ತಾಗಿ ಟಿಣಿಟಿಣಿ ಎಂದಿತು. ಆಮೇಲೆ ಕೈಯ ಜೊತೆಗೆ ಗದ್ದವೂ ಸಣ್ಣಗೆ ಅದುರತೊಡಗಿತು. ಡಾಕ್ಟರು ಕಾಯಿಲೆಯ ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು, ವಾಸಿಯಾಗುವಂಥದ್ದಲ್ಲ ಎಂದರು. ಮಾವ ಅದನ್ನೆಲ್ಲ ಸಮಾಧಾನವಾಗಿಯೇ ಕೇಳಿಸಿಕೊಂಡರು. ಅವರಿಗೆ ಸಮಾಧಾನ ತಪ್ಪಿದ್ದು ಗಡ್ಡದ ವಿಷಯದಲ್ಲಿ.

ಮಾವನ ಶೇವಿಂಗ್ ಎಂದರೆ ಮನೆಯಲ್ಲಿ ಪೂಜೆಗೆ ಮೊದಲು ನಡೆಯುವ ಇನ್ನೊಂದು ಪೂಜೆ. ಕೆಲಸ ಖಾಯಂ ಆದಾಗ ಕೊಂಡ ಹಿತ್ತಾಳೆಯ ರೇಜರ್ ಅವರದು. ಮೇಲಿನ ಬೆಳ್ಳಿಬಣ್ಣ ಸವೆದು ಒಳಗಿನ ಹಳದಿ ಕಾಣುತ್ತಿತ್ತು. ಹಿಡಿಯ ತುದಿಯನ್ನು ತಿರುಗಿಸಿದರೆ ತಲೆಯ ಮೇಲಿನ ಎರಡು ರೆಕ್ಕೆಗಳು ಕಿಟಕಿಯಂತೆ ತೆರೆದುಕೊಳ್ಳುತ್ತಿದ್ದವು. ಬ್ಲೇಡು ಇಟ್ಟು ವಾಪಸು ತಿರುಗಿಸಿದರೆ ಮುಚ್ಚಿಕೊಳ್ಳುತ್ತಿದ್ದವು. ಕೆನ್ನೆಯ ಮೇಲೆ ಅದು ಓಡುವಾಗ ಹದವಾಗಿ ಹುರಿದ ರವೆಯನ್ನು ಸವರಿದ ಸದ್ದು. ಭಾನುವಾರ ಎಂದಾಗಲಿ, ಜ್ವರ ಎಂದಾಗಲಿ ಅವರು ಬಿಟ್ಟವರಲ್ಲ. ಕುರುಚಲು ಗಡ್ಡದಲ್ಲಿ ಮಾವನನ್ನು ನಾನು ಮದುವೆಯಾದಂದಿನಿಂದ ನೋಡಿರಲೇ ಇಲ್ಲ.

ಅಂಥವರು ದಿನಾ ಕುಯ್ದುಕೊಂಡು, ರಕ್ತ ನಿಲ್ಲಲೆಂದು ಮುಖಕ್ಕೆ ಪಟಿಕದ ಕಲ್ಲು ಉಜ್ಜಿಕೊಂಡು ಬರುವಂತಾಯಿತು. ಒಂದು ದಿನ ಟವೆಲ್ಲಿನ ತುಂಬ ರಕ್ತ ನೋಡಿ ನನ್ನ ಗಂಡ ರೇಜರನ್ನು ಕಸಿದಿಟ್ಟರು. ಸಲೂನಿಗೂ ಕರೆದೊಯ್ದರು. ಅಲ್ಲಿಯ ಹುಡುಗ ಒಳ್ಳೆಯವನೇ, ಆದರೆ ಜೋರು ಬಾಯಿ. "ತಾತ, ಅಲ್ಲಾಡ್ಬೇಡಿ, ಕುಯ್ದೋಗತ್ತೆ" ಎಂದನಂತೆ. ಸರದಿಗೆ ಕಾದವರೆಲ್ಲ ತಲೆಯೆತ್ತಿ ನೋಡಿದರಂತೆ. ಮಾವ ಎದ್ದು, ಅರ್ಧ ಮುಖಕ್ಕೆ ನೊರೆ ಇರುವಾಗಲೇ ಬೀದಿಯಲ್ಲಿ ನಡೆದುಕೊಂಡು ಮನೆಗೆ ಬಂದುಬಿಟ್ಟರು.

ಆಮೇಲೆ ಗಡ್ಡ ಬೆಳೆಯಿತು. ಮಾವ ಪಾರ್ಕಿಗೆ ಹೋಗುವುದು ನಿಂತಿತು. ಬಾಗಿಲಿಗೆ ಯಾರಾದರೂ ಬಂದರೆ ಒಳಗಿನ ಕೋಣೆಗೆ ಎದ್ದು ಹೋಗುತ್ತಿದ್ದರು. ಗಡ್ಡ ಬಿಟ್ಟರೆ ಏನಂತೆ, ಎಷ್ಟು ಜನ ಬಿಡುವುದಿಲ್ಲ ಎಂದು ನಿಮಗನ್ನಿಸಬಹುದು. ಬೇಕೆಂದು ಬಿಟ್ಟ ಗಡ್ಡ ಬೇರೆ, ಕೈಲಾಗದೆ ಬಂದ ಗಡ್ಡ ಬೇರೆ. ಎರಡನೆಯದನ್ನು ಹೊತ್ತ ಮನುಷ್ಯ ಕನ್ನಡಿಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುವುದನ್ನು ನಾನು ನೋಡಿದ್ದೇನೆ.

ಅಷ್ಟರಲ್ಲಿ ಮಾಕಳಿಯಿಂದ ಫೋನು ಬಂತು. ಮಾವನ ಅಕ್ಕ ಇರುವುದು ಅಲ್ಲಿ, ತುಮಕೂರು ರಸ್ತೆಯಲ್ಲಿ. ನಾನು ಅವರನ್ನು ಮಾಕಳಿ ದೊಡ್ಡಮ್ಮ ಎನ್ನುತ್ತೇನೆ. ಮೊಮ್ಮಗಳ ನಿಶ್ಚಿತಾರ್ಥ, ಹೆಣ್ಣಿನ ಕಡೆಯ ಹಿರಿಯನಾಗಿ ತಮ್ಮನೇ ತಾಂಬೂಲದ ತಟ್ಟೆ ಬದಲಾಯಿಸಬೇಕು ಎಂಬುದು ಅವರ ಹಟ. ಮಾವ ಫೋನು ಮುಟ್ಟಲಿಲ್ಲ. "ಮೈ ಹುಷಾರಿಲ್ಲ ಅಂತ ಹೇಳಮ್ಮ" ಎಂದರು. ನಾನು ಹಾಗೇ ಹೇಳಿದೆ.

"ಉಸಾರಿಲ್ದಿದ್ರೆ ಕಾರ್ ಕಳುಸ್ತೀನಿ. ಅವ್ನ್ ಬರ್ದೇ ಓದ್ರೆ ಅವತ್ತು ನಾನು ಊಟ ಮುಟ್ಟಾಕಿಲ್ಲ ಅಂತ ಏಳು" ಎಂದರು ದೊಡ್ಡಮ್ಮ. ಅವರು ಹೇಳಿದಂತೆ ಮಾಡುವವರು. ಮಾವನಿಗೂ ಅದು ಗೊತ್ತಿತ್ತು.

ನಾನು ಫೋನಿಟ್ಟು ನೇರವಾಗಿಯೇ ಹೇಳಿದೆ. "ಮಾವ, ನಾನು ಮಾಡ್ತೀನಿ."

"ಏನು?"

"ಶೇವಿಂಗು."

ಅವರು ಎದ್ದು ಕೋಣೆಗೆ ಹೋದರು. ಸೊಸೆ ಮಾವನ ಮುಂದೆ ಕುರ್ಚಿಯ ಮೇಲೆ ಕೂರದ ಮನೆಯಲ್ಲಿ ಬೆಳೆದವರು ಅವರು. ನನ್ನನ್ನು ಎಂದೂ ಹಾಗೆ ನಿಲ್ಲಿಸಲಿಲ್ಲ ನಿಜ, ಆದರೂ ಮುಖ ಮುಟ್ಟುವುದು ದೂರದ ಮಾತು. ಕಾಫಿ ಲೋಟ ಕೊಡುವಾಗ ಕೂಡ ನಮ್ಮ ಬೆರಳು ತಾಕಿರಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಒಪ್ಪಿದ ದಿನ ಕೈ ಸಿದ್ಧವಾಗಿರಲಿ ಎಂದು ಅಭ್ಯಾಸ ಮಾತ್ರ ಶುರು ಮಾಡಿದೆ.

ಅಭ್ಯಾಸಕ್ಕೆ ಸಿಕ್ಕವರು ನನ್ನ ಗಂಡ. ಅವರು ಅಪ್ಪನಿಗೆಂದೇ ಆನ್‌ಲೈನಿನಲ್ಲಿ ಒಂದು ಹೊಸ ರೇಜರ್ ತರಿಸಿದ್ದರು. ಅದಕ್ಕೂ ಅದೇ ಎರಡು ಬಾಯಿಯ ಬ್ಲೇಡು. ಆದರೆ ರೆಕ್ಕೆ, ಕೀಲು ಯಾವುದೂ ಇಲ್ಲ. ಮುಚ್ಚಳ, ಅಡಿಯ ತಟ್ಟೆ, ಹಿಡಿ, ಮೂರೇ ಭಾಗ. ತಿರುಪಿದರೆ ಬ್ಲೇಡು ಒಂದಿಷ್ಟೂ ಮಿಸುಕದಂತೆ ಕಚ್ಚಿಕೊಳ್ಳುತ್ತಿತ್ತು. ಹಿಡಿ ಗಿಡ್ಡ, ದಪ್ಪ, ಒದ್ದೆ ಕೈಗೂ ಜಾರದಂತೆ ಗೀರು ಹಾಕಿದ್ದರು. ಹೊಳಪಂತೂ ಮದುವೆಮನೆಯ ಸ್ಟೀಲ್ ಪಾತ್ರೆಯಂತೆ.

ಮಹಡಿಯ ಮೇಲೆ ಪ್ಲಾಸ್ಟಿಕ್ ಸ್ಟೂಲು ಹಾಕಿ, ಡ್ಯೂಟಿ ಮುಗಿಸಿ ಬಂದವರನ್ನು ಹಾಗೇ ಕೂರಿಸಿದೆ. ಎಡಗೆನ್ನೆಗೆ ಹಳೆಯದು, ಬಲಗೆನ್ನೆಗೆ ಹೊಸದು ಎಂದು ತೀರ್ಮಾನವಾಯಿತು.

"ಲೇ, ಮೀಸೆ ಒಂದು ಉಳಿಸ್ಕೊಡೆ" ಎಂದರು.

"ಮಾತಾಡ್ಬೇಡಿ, ಮೀಸೆ ಹೋದ್ರೆ ನಿಮ್ಮ ಬಾಯಿಂದಾನೇ ಹೋಗೋದು" ಎಂದೆ.

ಹಳೆಯದು ಒಂದೇ ಎಳೆತಕ್ಕೆ ಹೊಲ ಕೊಯ್ದಂತೆ ಸ್ವಚ್ಛ ಮಾಡಿತು. ಹೊಸದನ್ನು ಅದೇ ಜಾಗದಲ್ಲಿ ಎರಡು ಮೂರು ಸಲ ಆಡಿಸಬೇಕಾಯಿತು. ಗಂಡ ಎರಡೂ ಕೆನ್ನೆ ಸವರಿಕೊಂಡು "ಹಳೇದೇ ಹಳೇದು ಕಣೆ. ಈಗಿನವ್ರಿಗೆ ಹಿಂಗೆ ಮಾಡಕ್ಕೆ ಬರಲ್ಲ" ಎಂದು ತೀರ್ಪು ಕೊಟ್ಟರು. ಹಳೆಯ ಸಾಮಾನು ಕಂಡ ಕೂಡಲೇ ಗಂಡಸರ ಕಣ್ಣು ಒದ್ದೆಯಾಗುತ್ತದೆ. ಅದನ್ನು ದಿನಾ ತಿಕ್ಕಿ ತೊಳೆಯುವವರ ಅಭಿಪ್ರಾಯ ಯಾರೂ ಕೇಳುವುದಿಲ್ಲ.

ನನ್ನ ಲೆಕ್ಕ ಬೇರೆಯಿತ್ತು. ಗಂಡನ ಕೆನ್ನೆ ಕದಲದೆ ಕೂತಿತ್ತು, ಆದ್ದರಿಂದ ಹಳೆಯದು ಗೆದ್ದಿತು. ಮಾವನ ಗದ್ದ ಕೂತಿರುವುದಿಲ್ಲ. ಹಳೆಯದರಲ್ಲಿ ಬ್ಲೇಡು ಧೈರ್ಯವಾಗಿ ಹೊರಗೆ ಮುಖ ಚಾಚುತ್ತದೆ, ಕೀಲು ಸವೆದು ಒಂದು ಪಕ್ಕ ಇನ್ನೂ ಸ್ವಲ್ಪ ಹೆಚ್ಚು. ಹೊಸದರಲ್ಲಿ ಅಂಚು ಅಂಜುಬುರುಕನಂತೆ ಒಳಗೇ ನಿಂತಿರುತ್ತದೆ. ನನಗೆ ಬೇಕಾಗಿದ್ದದ್ದು ಆ ಅಂಜುಬುರುಕನೇ.

ಒಂದು ಬೆಳಿಗ್ಗೆ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು "ಕೆಲಸ ಆದ್ಮೇಲೆ ಬಾಮ್ಮ" ಎಂದರು. ಕೋಣೆಗೆ ಹೋದಾಗ ಕಿಟಕಿಯ ಪರದೆ ಎಳೆದಾಗಿತ್ತು. ಮೇಜಿನ ಮೇಲೆ ಬ್ರಷ್ಷು, ಸೋಪಿನ ಬಟ್ಟಲು, ಮತ್ತು ಮಗ ಎತ್ತಿಟ್ಟಿದ್ದ ಕಡೆಯಿಂದ ಹುಡುಕಿ ತಂದ ಹಿತ್ತಾಳೆಯ ರೇಜರ್.

"ಮಾವ, ಹೊಸದರಲ್ಲಿ ಮಾಡ್ಲಾ?"

"ಅದು ಆಟದ ಸಾಮಾನು. ಇದ್ರಲ್ಲೇ ಮಾಡು. ಇನ್ನೊಂದು ಮಾತು, ಇದು ಯಾರ್ಗೂ ಗೊತ್ತಾಗ್ಬಾರ್ದು."

ಹಿತ್ತಾಳೆಯದನ್ನೇ ಎತ್ತಿಕೊಂಡೆ. ನೊರೆ ಹಚ್ಚುವಾಗ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು. ಕೆನ್ನೆಗಳು ಸಲೀಸಾಗಿ ಮುಗಿದವು. ತುಟಿಯ ಕೆಳಗೆ ಬಂದಾಗ ಗದ್ದ ಒಮ್ಮೆ ಅದುರಿತು, ನೊರೆ ಕೆಂಪಾಯಿತು. ನಾನು ಪಟಿಕ ಒತ್ತಿ ಹಿಡಿದೆ. ಉರಿದಿರಬೇಕು, ಅವರು ಮುಖ ಕಿವುಚಲಿಲ್ಲ.

"ರೇಜರ್‌ದೇನೂ ತಪ್ಪಿಲ್ಲಮ್ಮ" ಎಂದರು, ಮಗುವಿನ ಪರವಾಗಿ ಮಾತಾಡುವವರಂತೆ.

"ಯಾರ್ದೂ ತಪ್ಪಿಲ್ಲ ಮಾವ. ಅದು ನಿಮ್ಮ ಕೈಗೆ ಪಳಗಿರೋದು, ನನ್ನ ಮಾತು ಕೇಳಲ್ಲ. ಮಾಡೋಳು ನಾನಾದ್ರೆ ರೇಜರನ್ನ ಆರಿಸೋಳೂ ನಾನೇ" ಎಂದೆ. ಮದುವೆಯಾಗಿ ಬಂದಂದಿನಿಂದ ಅವರೆದುರು ನಾನು ಅಷ್ಟು ಖಡಾಖಂಡಿತವಾಗಿ ಮಾತಾಡಿರಲಿಲ್ಲ. ಅವರು ತಲೆಯನ್ನು ಕುರ್ಚಿಗೆ ಒರಗಿಸಿ ಗದ್ದ ಎತ್ತಿದರು. ಉಳಿದದ್ದನ್ನು ಹೊಸದರಲ್ಲಿ ಮುಗಿಸಿದೆ. ಎಡಗೈಯ ಬೆರಳುಗಳನ್ನು ಅವರ ದವಡೆಗೆ ಆನಿಸಿ, ಅದರ ನಡುಕ ನನ್ನ ಬೆರಳಿಗೆ ತಿಳಿಯುವಂತೆ ಹಿಡಿದುಕೊಂಡು, ನಡುಕ ತಗ್ಗಿದಾಗ ಒಂದೊಂದೇ ಚಿಕ್ಕ ಎಳೆತ. ಹೊತ್ತು ಹಿಡಿಯಿತು, ಆದರೆ ಒಂದು ಹನಿ ರಕ್ತ ಬರಲಿಲ್ಲ. ಮಾವ ಕೆನ್ನೆ ಸವರಿಕೊಂಡು "ಅಷ್ಟು ನುಣ್ಣಗಾಗಿಲ್ಲ" ಎಂದರು. ನಾನು "ನಾಳೆ ಇನ್ನೂ ಚೆನ್ನಾಗಿ ಆಗತ್ತೆ" ಎಂದೆ. ಆ ನಾಳೆ ಬಂತು, ಅದರ ಮರುದಿನವೂ ಬಂತು. ಪರದೆ ಮಾತ್ರ ಎಳೆದೇ ಇರುತ್ತಿತ್ತು.

ನಿಶ್ಚಿತಾರ್ಥದ ಬೆಳಿಗ್ಗೆ ಎಂದಿಗಿಂತ ಬೇಗ ಶೇವ್ ಮಾಡಿ, ಮೀಸೆಯ ಎರಡು ತುದಿ ಸಮ ಮಾಡಿ ಕರೆದುಕೊಂಡು ಹೋದೆವು. ಮನೆಯ ಮುಂದೆ ಶಾಮಿಯಾನ, ಒಳಗೆ ಎರಡು ಕಡೆಯ ನೆಂಟರು. ತಟ್ಟೆ ಎತ್ತುವಾಗ ಮಾವನ ಕೈ ಅದುರಿ ಎಲೆಯಡಿಕೆ ಸರಿಯಿತು. ದೊಡ್ಡಮ್ಮ ಏನೂ ಆಗದವರಂತೆ ಪಕ್ಕದಲ್ಲಿ ಕೂತು ತಟ್ಟೆಗೆ ತಮ್ಮ ಕೈಯನ್ನೂ ಕೊಟ್ಟರು. ಅಕ್ಕ ತಮ್ಮ ಸೇರಿ ಬದಲಾಯಿಸಿದರು. ಆಮೇಲೆ ಅವರು ಎಲ್ಲರೆದುರು ತಮ್ಮನ ಕೆನ್ನೆ ಹಿಡಿದರು.

"ಉಸಾರಿಲ್ಲ ಅಂತಿದ್ದೆ, ಇಂಗೆ ಮದ್ಲಿಂಗ್ನಂಗೆ ಬಂದಿದ್ದೀಯಲ್ಲ. ಯಾವ ಅಂಗ್ಡೀಲಿ ಮಾಡುಸ್ದೆ?"

ನಾನು ಈ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. "ನಮ್ಮನೆ ಹತ್ರಾನೇ ಒಂದು ಸಲೂನು" ಎಂದು ಬಾಯಿ ತೆರೆದೆ. ಮಾವ ನನಗಿಂತ ಮೊದಲು ಮಾತಾಡಿದರು.

"ಅಂಗ್ಡಿ ಅಲ್ಲ ಕಣಕ್ಕ. ನಮ್ ಸೊಸೆ ಮಾಡ್ತಾಳೆ. ದಿನಾ ಅವ್ಳೇ ಮಾಡೋದು."

ಗಂಡಿನ ಕಡೆಯವರೊಬ್ಬರು ಕೈಯಲ್ಲಿದ್ದ ಕಾಫಿಯನ್ನು ಹಾಗೇ ಹಿಡಿದು ಕೂತರು. ನನ್ನ ಗಂಡ ಶಾಮಿಯಾನದ ಕಂಬ ನೋಡುತ್ತಾ ನಿಂತರು. ದೊಡ್ಡಮ್ಮ ಒಂದು ಗಳಿಗೆ ತಮ್ಮನನ್ನು ನೋಡಿ, ನನ್ನನ್ನು ನೋಡಿ, "ಇಲ್ಲಿ ಬಾರವ್ವ" ಎಂದು ಕರೆದರು. ಎಲ್ಲರೂ ಕಾಣುವಂತೆ ನನ್ನ ಬಲಗೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ಊಟಕ್ಕೆ ಎಲೆ ಹಾಕಿದರು. ಅಂದು ಮಾವ ಎರಡು ಸಲ ಪಾಯಸ ಹಾಕಿಸಿಕೊಂಡರು.

ಮರುದಿನ ನಾನು ಬಿಸಿನೀರು ಹಿಡಿದು ಕೋಣೆಗೆ ಹೋದರೆ ಮಾವ ಅಲ್ಲಿರಲಿಲ್ಲ. ಬೀದಿಗೆ ಕಾಣುವ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಹೆಗಲಿಗೆ ಟವೆಲ್ಲು ಹೊದ್ದು ಕೂತಿದ್ದರು. "ಒಳಗೆ ಬೆಳಕು ಸಾಲಲ್ಲಮ್ಮ" ಎಂದರು. ಹಾಲಿನವನು, ಎದುರುಮನೆಯವರು, ವಾಕಿಂಗ್ ಹೋಗುವವರು, ಎಲ್ಲರೂ ನೋಡಿದರು. ಕೆಲವರು ನಕ್ಕಿರಲೂಬಹುದು. ಮಾವ ಕಣ್ಣು ಬಿಟ್ಟುಕೊಂಡೇ ಕೂತಿದ್ದರು.

ಹಳೆಯದು ಒಳ್ಳೆಯದೋ ಹೊಸದು ಒಳ್ಳೆಯದೋ ಎಂದು ನನ್ನ ಗಂಡ ಈಗಲೂ ವಾದಕ್ಕೆ ಬರುತ್ತಾರೆ. ಹಿತ್ತಾಳೆಯದನ್ನು ಅವರೇ ಬಳಸುತ್ತಾರೆ, ಕೀಲಿಗೆ ಎಣ್ಣೆ ಬಿಡುತ್ತಾರೆ, ಅವರ ಗಟ್ಟಿ ಗಡ್ಡಕ್ಕೆ ಅದೇ ಸರಿ. ನಾನು ವಾದ ಬೆಳೆಸುವುದಿಲ್ಲ. ಯಾರ ಕೈ, ಯಾರ ಕೆನ್ನೆ ಎಂದು ಹೇಳದೆ ರೇಜರ್ ಆರಿಸಲು ಕೂತರೆ ಅದು ಕಾಲು ನೋಡದೆ ಚಪ್ಪಲಿ ಕೊಂಡಂತೆ.

ಅಂದು ಮೆಟ್ರೊ ಇಳಿದು ಮನೆಗೆ ಬಂದಾಗ ಬಾಲ್ಕನಿಯಲ್ಲಿ ಒಂದರ ಬದಲು ಎರಡು ಕುರ್ಚಿಗಳಿದ್ದವು. ಮಾವನಿಗೆ ಈಗ ಎಂಬತ್ತು ದಾಟಿದೆ, ನಡುಕ ಮಂಡಿಗೂ ಇಳಿದಿದೆ. ಪಕ್ಕದಲ್ಲಿ ಅವರ ಪಾರ್ಕಿನ ಗೆಳೆಯರೊಬ್ಬರು ಕೂತಿದ್ದರು. ಪಾರ್ಶ್ವವಾಯುವಾಗಿ ಬಲಗೈ ಸ್ವಾಧೀನ ತಪ್ಪಿದವರು, ಮುಖದ ತುಂಬ ಬಿಳಿ ಗಡ್ಡ. ನನ್ನನ್ನು ಕಂಡು ಎದ್ದು ಹೋಗಲು ನೋಡಿದರು. ಮಾವ ಅವರ ತೊಡೆಯ ಮೇಲೆ ತಮ್ಮ ನಡುಗುವ ಕೈ ಇಟ್ಟು ಕೂರಿಸಿದರು.

"ನಾಚ್ಕೊಂಡು ಏನ್ ಮಾಡ್ತೀಯ ಗುರು, ಕೂತ್ಕೊ. ಕೆನ್ನೆ ಬಿಗಿ ಹಿಡೀಬೇಡ, ಸಡಿಲ ಬಿಡು. ಮಿಕ್ಕಿದ್ದು ಅವಳು ನೋಡ್ಕೋತಾಳೆ."

ನಾನು ಈರುಳ್ಳಿ ಚೀಲ ಕೆಳಗಿಟ್ಟು ನೀರು ಕಾಯಿಸಲು ಒಳಗೆ ಹೋದೆ.